ಭುಜದಲ್ಲಿ ಕ್ಯಾಲ್ಸಿಯಂ: ನೋವು ಜಾಸ್ತಿ ಇರೋದು ಅದು ಹೊರಡುವಾಗ

ಭುಜದ ಎಕ್ಸ್-ರೇ ರಿಪೋರ್ಟಿನಲ್ಲಿ ‘ಕ್ಯಾಲ್ಸಿಫಿಕೇಶನ್’, ಅಂದರೆ ಕ್ಯಾಲ್ಸಿಯಂ ಕೂಡಿಕೊಂಡಿದೆ ಎಂದು ಬರೆದಿದ್ದರೆ ಮನೆಯಲ್ಲಿ ಮೊದಲು ನಿಲ್ಲುವುದು ಹಾಲು. ಆಮೇಲೆ ರಾಗಿ. ಮುಟ್ಟು ನಿಂತ ಮೇಲೆ ಮೂಳೆಗೆ ಬೇಕು ಅಂತ ಡಾಕ್ಟರು ಬರೆದುಕೊಟ್ಟಿದ್ದ ಕ್ಯಾಲ್ಸಿಯಂ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ಅಷ್ಟರಲ್ಲಿ ಯಾರಾದರೂ ಬಾಳೆದಿಂಡಿನ ಜ್ಯೂಸ್ ಕುಡಿಯಲು ಹೇಳಿರುತ್ತಾರೆ. ಕಿಡ್ನಿಯ ಕಲ್ಲೇ ಕರಗುತ್ತಂತೆ, ಇದು ಕರಗಲ್ವಾ ಅನ್ನೋ ಲೆಕ್ಕ.

ಇದ್ಯಾವುದೂ ಬೇಕಿಲ್ಲ. ಭುಜದ ಟೆಂಡನ್ನಿನಲ್ಲಿ (ಸ್ನಾಯುವನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು) ಸೇರುವ ಕ್ಯಾಲ್ಸಿಯಂಗೂ ತಟ್ಟೆಯಲ್ಲಿರುವ ಕ್ಯಾಲ್ಸಿಯಂಗೂ ಸಂಬಂಧವಿಲ್ಲ. ಈ ತೊಂದರೆ ಇರುವವರ ರಕ್ತ ಪರೀಕ್ಷೆ ಮಾಡಿದರೆ ಸಾಮಾನ್ಯವಾಗಿ ಕ್ಯಾಲ್ಸಿಯಂ ಸರಿಯಾಗಿಯೇ ಇರುತ್ತದೆ. ವರ್ಷಗಟ್ಟಲೆ ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕತೆ ಬೇರೆ. ಅವರ ರಕ್ತದಲ್ಲೇ ಖನಿಜಗಳ ಲೆಕ್ಕ ಏರುಪೇರಾಗಿರುತ್ತದೆ, ಹಾಗಾಗಿ ಕೀಲುಗಳ ಸುತ್ತ ಕ್ಯಾಲ್ಸಿಯಂ ಸೇರಬಹುದು. ಉಳಿದವರು ಹಾಲು ಬಿಟ್ಟರೆ ಭುಜಕ್ಕೆ ಲಾಭವಿಲ್ಲ, ಮೂಳೆಗೆ ನಷ್ಟ.

ಹಾಗಾದರೆ ಅಲ್ಲಿ ಆಗಿರೋದು ಏನು? ತೋಳಿನ ಮೂಳೆಯ ಗುಂಡು ತಲೆಯನ್ನು ಅದರ ಬಟ್ಟಲಿನಲ್ಲಿ ಹಿಡಿದಿಡುವ ಕೆಲಸ ನಾಲ್ಕು ಸ್ನಾಯುಗಳದ್ದು. ಅವುಗಳ ತುದಿಯ ಟೆಂಡನ್‌ಗಳು ಸೇರಿ ಮೂಳೆಗೆ ಕವಚದ ಹಾಗೆ ಅಂಟಿಕೊಂಡಿರುತ್ತವೆ. ಅದನ್ನೇ ರೊಟೇಟರ್ ಕಫ್ ಅನ್ನೋದು. ಇವುಗಳಲ್ಲಿ ಮೇಲಿನದು ಸುಪ್ರಾಸ್ಪೈನೇಟಸ್. ನಾವು ಕೈಯನ್ನು ಪಕ್ಕದಿಂದ ಮೇಲೆತ್ತುವಾಗ ಕೆಲಸ ಶುರು ಮಾಡುವುದು ಇದೇ. ಬಹುಪಾಲು ಜನರಲ್ಲಿ ಕ್ಯಾಲ್ಸಿಯಂ ಕೂಡುವುದೂ ಇದರಲ್ಲೇ, ಟೆಂಡನ್ ಮೂಳೆಗೆ ಅಂಟುವ ಜಾಗಕ್ಕಿಂತ 1.5ರಿಂದ 2 ಸೆಂಟಿಮೀಟರ್ ಹಿಂದೆ. ಹೈಡ್ರಾಕ್ಸಿಅಪಟೈಟ್ ಅನ್ನುವ ಈ ಖನಿಜ ನಮ್ಮ ಹಲ್ಲು, ಮೂಳೆಗಳಲ್ಲೂ ಇರುವಂಥದ್ದೇ. ಜಾಗ ಮಾತ್ರ ತಪ್ಪಿದೆ.

30ರಿಂದ 60 ವರ್ಷದೊಳಗಿನವರಲ್ಲಿ ಇದು ಹೆಚ್ಚು. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ಮೂಟೆ ಹೊರುವವರಿಗೇ ಬರಬೇಕು ಅಂತಿಲ್ಲ, ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೂ ಬರುತ್ತದೆ. ಬಿದ್ದ ಪೆಟ್ಟಿನಿಂದ ಬರುವುದೂ ಅಲ್ಲ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಲ್ಲಿ ಸ್ವಲ್ಪ ಹೆಚ್ಚು ಕಾಣಿಸುತ್ತದೆ. ಯಾಕೆ ಬರುತ್ತದೆ ಅನ್ನೋದಕ್ಕೆ ಪೂರ್ತಿ ಉತ್ತರ ವೈದ್ಯಶಾಸ್ತ್ರದ ಕೈಗೆ ಇನ್ನೂ ಸಿಕ್ಕಿಲ್ಲ.

ಆದರೆ ಬಂದ ಮೇಲೆ ಏನಾಗುತ್ತದೆ ಅನ್ನೋದು ಚೆನ್ನಾಗಿ ಗೊತ್ತಿದೆ. ಕೆನಡಾದ ಒಟ್ಟಾವಾದಲ್ಲಿದ್ದ ಮೂಳೆತಜ್ಞ ಹ್ಯಾನ್ಸ್ ಉಥಾಫ್ ಈ ಟೆಂಡನ್‌ಗಳನ್ನು ಮೈಕ್ರೋಸ್ಕೋಪಿನಡಿ ನೋಡಿ, ಇದು ಸವಕಳಿಯಿಂದ ಆಗುವ ಕಾಯಿಲೆಯಲ್ಲ, ಟೆಂಡನ್ನಿನ ಜೀವಕೋಶಗಳೇ ನಡೆಸುವ ಕೆಲಸ ಎಂದು ತೋರಿಸಿಕೊಟ್ಟರು. ಟೆಂಡನ್ನಿನ ಒಂದು ತುಣುಕು ಮೊದಲು ಮೆತ್ತನೆ ಮೂಳೆಯ ಗುಣ ಪಡೆಯುತ್ತದೆ. ಅಲ್ಲಿ ಕ್ಯಾಲ್ಸಿಯಂ ಹರಳುಗಳು ಕೂಡುತ್ತವೆ. ಕೂಡಿ ಸುಮ್ನೆ ಇರುತ್ತವೆ, ಕೆಲವೊಮ್ಮೆ ತಿಂಗಳು, ಕೆಲವೊಮ್ಮೆ ವರ್ಷ. ಈ ಹಂತದಲ್ಲಿ ಆಪರೇಷನ್ ಮಾಡಿ ತೆಗೆದರೆ ಅದು ಒಣಗಿದ ಪುಡಿಯಾಗಿರುತ್ತದೆ. ಆಮೇಲೆ ಒಂದು ದಿನ, ಯಾವ ಸೂಚನೆಯೂ ಇಲ್ಲದೆ, ದೇಹ ಅದನ್ನು ತೆಗೆದುಹಾಕಲು ಶುರು ಮಾಡುತ್ತದೆ. ಸುತ್ತ ಹೊಸ ರಕ್ತನಾಳಗಳು ಹುಟ್ಟುತ್ತವೆ. ಕಸ ತಿನ್ನುವ ಕೋಶಗಳು ಬಂದು ಹರಳುಗಳನ್ನು ನುಂಗುತ್ತವೆ. ಒಣಪುಡಿ ಮೆತ್ತಗಾಗಿ ಟೂತ್‌ಪೇಸ್ಟಿನ ಹದಕ್ಕೆ ಬರುತ್ತದೆ. ಕೊನೆಗೆ ಆ ಖಾಲಿ ಜಾಗದಲ್ಲಿ ಟೆಂಡನ್ ಮತ್ತೆ ಹೆಣೆದುಕೊಳ್ಳುತ್ತದೆ.

ಈಗ ಸೋಜಿಗದ ಸಂಗತಿ. ಕ್ಯಾಲ್ಸಿಯಂ ಕೂಡುವಾಗ ನೋವು ಇರುವುದೇ ಇಲ್ಲ, ಅಥವಾ ಕೈ ಎತ್ತಿದಾಗ ಒಂದು ಸಣ್ಣ ಚುಚ್ಚು ಅಷ್ಟೆ. ಜೀವ ಹೋಗುವಂಥ ನೋವು ಬರುವುದು ಅದು ಕರಗುವಾಗ. ಊತದಿಂದ ಟೆಂಡನ್ನಿನ ಒಳಗೆ ಒತ್ತಡ ಏರುತ್ತದೆ. ಮೆತ್ತಗಾದ ಕ್ಯಾಲ್ಸಿಯಂ ಕೆಲವೊಮ್ಮೆ ಮೇಲಿರುವ ಬರ್ಸಾ ಎಂಬ ತೆಳು ಚೀಲಕ್ಕೆ ಸೋರಿ, ಅಲ್ಲಿ ಉರಿಯೂತ ಎಬ್ಬಿಸುತ್ತದೆ. ಕುರು ಹಣ್ಣಾಗಿ ಒಡೆಯುವ ಮುಂಚಿನ ರಾತ್ರಿ ನೆನಪಿಸಿಕೊಳ್ಳಿ, ಹೆಚ್ಚುಕಮ್ಮಿ ಹಾಗೆ. ರಾತ್ರಿ ಊಟ ಮಾಡಿ ಆರಾಮಾಗಿ ಮಲಗಿದವರು ಬೆಳಗಿನ ಜಾವ ರಟ್ಟೆ ಹಿಡಿದುಕೊಂಡು ಎದ್ದು ಕೂರುತ್ತಾರೆ. ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಇನ್ನೊಂದು ಕೈಯಿಂದ ಆತುಕೊಂಡೇ ಕ್ಲಿನಿಕ್‌ಗೆ ಬರುತ್ತಾರೆ. ಶರ್ಟಿನ ತೋಳು ಬಿಚ್ಚಲೂ ಬಿಡುವುದಿಲ್ಲ. ಜಡೆ ಹಾಕಿಕೊಳ್ಳೋದು, ಬ್ಲೌಸ್ ತೊಡೋದು, ಅಟ್ಟದ ಮೇಲಿನ ಡಬ್ಬ ಇಳಿಸೋದು, ಯಾವುದೂ ಆಗದು.

ಇಷ್ಟು ಜೋರು ನೋವು ಬಂದಿದೆ ಎಂದರೆ ಬಹುಮಟ್ಟಿಗೆ ಕ್ಯಾಲ್ಸಿಯಂ ಹೊರಡುವ ಹಾದಿಯಲ್ಲಿದೆ ಅಂತಲೇ ಅರ್ಥ. ನೋವಿನಲ್ಲಿ ಒದ್ದಾಡುವವರ ಮುಂದೆ ಈ ಮಾತು ಆಡಿದರೆ ಸಿಟ್ಟು ಬರುತ್ತದೆ, ನಿಜ. ಆದರೆ ಚಿಕಿತ್ಸೆಯ ಎಲ್ಲ ಲೆಕ್ಕಾಚಾರವೂ ಇಲ್ಲಿಂದಲೇ ಶುರುವಾಗಬೇಕು. ಈ ತೀವ್ರ ಹಂತ ಸಾಮಾನ್ಯವಾಗಿ ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಆ ಹೊತ್ತಿಗೆ ರೋಗಿ ಒಬ್ಬ ಮೂಳೆ ಡಾಕ್ಟರು, ಒಬ್ಬ ಫಿಸಿಯೋ, ಒಬ್ಬ ನಾಟಿ ವೈದ್ಯರು, ಒಂದು ಎಣ್ಣೆ, ಎರಡು ಮುಲಾಮು ಎಲ್ಲ ಮುಗಿಸಿರುತ್ತಾರೆ. ಕೊನೆಗೆ ಯಾರ ಹತ್ತಿರ ಹೋಗಿದ್ದರೋ ಅವರದೇ ಕೈಗುಣ. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯ್ತು.

ಹಾಗಂತ ಎಕ್ಸ್-ರೇಯಲ್ಲಿ ಕ್ಯಾಲ್ಸಿಯಂನ ಬಿಳಿ ಚುಕ್ಕೆ ಕಂಡವರಿಗೆಲ್ಲ ಈ ನೋವು ಬಂದೇ ಬರುತ್ತದೆ ಅಂತಲ್ಲ. 1941ರಲ್ಲಿ ಅಮೆರಿಕದ ಬಾಸ್ವರ್ತ್ ಎಂಬ ವೈದ್ಯರು 12,122 ಭುಜಗಳನ್ನು ಪರೀಕ್ಷಿಸಿ ವರದಿ ಬರೆದರು. ಭುಜ ನೋವೆಂದು ಬಂದವರಲ್ಲ ಅವರು, ಆಫೀಸುಗಳಲ್ಲಿ ಕೆಲಸ ಮಾಡುತ್ತಿದ್ದ 6,000ಕ್ಕೂ ಹೆಚ್ಚು ಸಾಮಾನ್ಯ ಜನ. ನೂರಕ್ಕೆ 2.7ರಷ್ಟು ಮಂದಿಯಲ್ಲಿ ಕ್ಯಾಲ್ಸಿಯಂ ಕಂಡಿತು. ಅವರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗದವರಿಗೆ ಮಾತ್ರ ಅದರಿಂದ ನೋವು ಬಂದಿತು. ಆಮೇಲೆ ಬಂದ ಅಲ್ಟ್ರಾಸೌಂಡ್ ಅಧ್ಯಯನಗಳಲ್ಲಿ ಕ್ಯಾಲ್ಸಿಯಂ ಇರುವವರ ಪ್ರಮಾಣ ಇನ್ನೂ ಹೆಚ್ಚು. ಆದರೂ ಮುಖ್ಯ ಮಾತು ಹಾಗೇ ಉಳಿದಿದೆ. ಕ್ಯಾಲ್ಸಿಯಂ ಇದ್ದೂ ಹಾಯಾಗಿ ಓಡಾಡಿಕೊಂಡಿರುವವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಹಾಗಿರುವಾಗ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು, ಬಿಳಿ ಚುಕ್ಕೆ ತೋರಿಸಿ, ‘ಇದನ್ನು ತೆಗೆಸದೆ ಗತಿಯಿಲ್ಲ’ ಎಂದು ಯಾರಾದರೂ ಹೆದರಿಸಿದರೆ ಸ್ವಲ್ಪ ನಿಧಾನಿಸಬೇಕು.

ಮೊದಲು ನೋವು ಇದರದ್ದೇನಾ ಅನ್ನೋದು ಖಾತ್ರಿಯಾಗಬೇಕು. ನಮ್ಮಲ್ಲಿ ಭುಜ ನೋವು ಎಂದರೆ ಎಲ್ಲರ ಬಾಯಲ್ಲೂ ಬರುವ ಹೆಸರು ಫ್ರೋಜನ್ ಶೋಲ್ಡರ್. ಸಕ್ಕರೆ ಕಾಯಿಲೆ ಇಷ್ಟಿರುವ ನಾಡಿನಲ್ಲಿ ಅದು ಸಹಜವೇ. 2023ರಲ್ಲಿ ಪ್ರಕಟವಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ, ಅವರಲ್ಲಿ ಫ್ರೋಜನ್ ಶೋಲ್ಡರ್ ಹೆಚ್ಚು. ಆದರೆ ಅದು ತಿಂಗಳುಗಳಲ್ಲಿ ನಿಧಾನವಾಗಿ ಬಿಗಿಯುತ್ತದೆ. ಇನ್ನೊಬ್ಬರು ಹಿಡಿದು ತಿರುಗಿಸಿದರೂ ಕೈ ಹೊರಕ್ಕೆ ತಿರುಗುವುದಿಲ್ಲ. ಎಕ್ಸ್-ರೇ ಸರಿಯಾಗಿಯೇ ಇರುತ್ತದೆ. ಕ್ಯಾಲ್ಸಿಯಂ ನೋವು ಹಠಾತ್ತನೆ ಬರುತ್ತದೆ, ಎಕ್ಸ್-ರೇಯಲ್ಲಿ ಕಾಣುತ್ತದೆ. ಕುತ್ತಿಗೆಯ ನರ ಒತ್ತಿಕೊಂಡಿದ್ದರೆ ನೋವು ಮೊಣಕೈ ದಾಟಿ ಬೆರಳವರೆಗೆ ಜೋಮು ಹಿಡಿಸುತ್ತದೆ. ಬಿದ್ದ ಮೇಲೆ ಕೈ ಎತ್ತಲು ಬಲವೇ ಇಲ್ಲ ಎಂದರೆ ಟೆಂಡನ್ ಹರಿದಿರಬಹುದು. ಜ್ವರವಿದ್ದು, ಭುಜ ಕೆಂಪಾಗಿ ಬಿಸಿಯಾಗಿದ್ದರೆ ಕೀಲಿನಲ್ಲಿ ಸೋಂಕಿರಬಹುದು. ಅದಕ್ಕೆ ಅದೇ ದಿನ ಆಸ್ಪತ್ರೆ ಬೇಕು. ಭುಜದ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಇದ್ದರೆ ಎಕ್ಸ್-ರೇ ಗಿಕ್ಸ್-ರೇ ಆಮೇಲೆ, ಮೊದಲು ಇಸಿಜಿ.

ಪರೀಕ್ಷೆಯ ವಿಷಯಕ್ಕೆ ಬಂದರೆ, ಇಲ್ಲಿ ಕಡಿಮೆ ದುಡ್ಡಿನದೇ ಮೇಲು. ಮಾಮೂಲಿ ಎಕ್ಸ್-ರೇ ಮತ್ತು ಅಲ್ಟ್ರಾಸೌಂಡ್ ಎರಡೂ ಕ್ಯಾಲ್ಸಿಯಂ ತೋರಿಸುತ್ತವೆ. ಎಕ್ಸ್-ರೇಯಲ್ಲಿ ಅಂಚು ಸ್ಪಷ್ಟವಾಗಿ, ಗಟ್ಟಿ ಬಿಳಿಯಾಗಿ ಕಂಡರೆ ಅದು ಸುಮ್ಮನಿರುವ ಹಂತ. ಮೋಡದ ಹಾಗೆ ಮಸುಕಾಗಿ, ಅಂಚು ಕಲಸಿಹೋಗಿದ್ದರೆ ಕರಗುವ ಹಂತ. ಈ ಒಂದು ವಿವರದಿಂದಲೇ ಚಿಕಿತ್ಸೆಯ ದಾರಿ ಬದಲಾಗುತ್ತದೆ, ಆದರೆ ಎಷ್ಟೋ ರಿಪೋರ್ಟುಗಳಲ್ಲಿ ಅದನ್ನು ಬರೆದಿರುವುದೇ ಇಲ್ಲ. ಕೇಳಿ ತಿಳಿದುಕೊಳ್ಳಿ. ಎಂಆರ್‌ಐಯಲ್ಲಿ ಕ್ಯಾಲ್ಸಿಯಂ ಕಪ್ಪಗೆ ಕಾಣುತ್ತದೆ, ಟೆಂಡನ್ನೂ ಕಪ್ಪು, ಹಾಗಾಗಿ ಸಣ್ಣ ಚುಕ್ಕೆ ಕಣ್ಣು ತಪ್ಪಿಸಿಕೊಳ್ಳುವುದುಂಟು. ಕರಗುವ ಹಂತದ ಊತವಂತೂ ಎಂಆರ್‌ಐಯಲ್ಲಿ ಸೋಂಕಿನ ಹಾಗೆ, ಹರಿದ ಟೆಂಡನ್ನಿನ ಹಾಗೆ ಕಂಡು ಗಾಬರಿ ಹುಟ್ಟಿಸಬಹುದು. ಎಕ್ಸ್-ರೇ ನೋಡದೆ ನೇರ ಎಂಆರ್‌ಐಗೆ ಹೋಗುವುದು ಬೇಡ.

ಇನ್ನು ಚಿಕಿತ್ಸೆ. ತೀವ್ರ ನೋವಿನ ಹಂತದಲ್ಲಿ ಮಾಡಬೇಕಾದದ್ದು ಆ ಕೆಟ್ಟ ದಿನಗಳನ್ನು ದಾಟಿಸುವುದು. ಉರಿಯೂತ ಇಳಿಸುವ ನೋವಿನ ಮಾತ್ರೆ, ಐಸ್, ಎರಡು ಮೂರು ದಿನ ಕೈಗೆ ಜೋಲಿ ಪಟ್ಟಿ. ಅದಕ್ಕಿಂತ ಹೆಚ್ಚು ದಿನ ಕಟ್ಟಿಕೊಂಡರೆ ಭುಜ ಬಿಗಿಯುತ್ತದೆ. ಈ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ವಾರಗಟ್ಟಲೆ ನುಂಗಬೇಡಿ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಬಿಪಿ ಇರುವವರಿಗೆ, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರಿಗೆ ಅದು ಅಪಾಯ. ಈ ಹಂತದಲ್ಲಿ ಭುಜ ತಿಕ್ಕಿಸುವುದು, ಉಳುಕು ತೆಗೆಸುವುದು ಎರಡೂ ಬೇಡ. ಊದಿಕೊಂಡಿರುವ ಜಾಗವನ್ನು ಇನ್ನಷ್ಟು ಕೆರಳಿಸಿದಂತಾಗುತ್ತದೆ.

ಮಾತ್ರೆಗೆ ಬಗ್ಗದಿದ್ದರೆ ಬರ್ಸಾಕ್ಕೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. ಸ್ಟೀರಾಯ್ಡ್ ಎಂದ ಕೂಡಲೇ ಹೌಹಾರುವವರು ಇದ್ದಾರೆ. ಒಂದು ಸಲದ್ದು ಹೆದರುವಂಥದ್ದಲ್ಲ, ನೋವನ್ನು ಬೇಗ ಇಳಿಸುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಕೆಲವು ದಿನ ಶುಗರ್ ಏರುತ್ತದೆ, ಹಾಗಾಗಿ ಮುಂಚೆಯೇ ಡಾಕ್ಟರಿಗೆ ಹೇಳಿರಬೇಕು. ಮತ್ತೆ ಮತ್ತೆ ಚುಚ್ಚಿಸಿಕೊಂಡರೆ ಟೆಂಡನ್ ದುರ್ಬಲವಾಗುತ್ತದೆ.

ನಿಜವಾದ ಚರ್ಚೆ ಇರುವುದು ತಿಂಗಳುಗಟ್ಟಲೆ ಮಂದವಾಗಿ ಕಾಡುವ ನೋವಿನ ಬಗ್ಗೆ. ಅಲ್ಲಿ ಮುಖ್ಯವಾಗಿ ಎರಡು ಚಿಕಿತ್ಸೆಗಳ ಹೆಸರು ಕೇಳುತ್ತದೆ: ಸೂಜಿಯಿಂದ ತೊಳೆಯುವುದು ಮತ್ತು ಶಾಕ್‌ವೇವ್, ಅಂದರೆ ಹೊರಗಿನಿಂದ ಬಲವಾದ ಶಬ್ದದ ಅಲೆ ಹಾಯಿಸುವುದು.

ಸೂಜಿಯಿಂದ ತೊಳೆಯುವುದನ್ನು ಬಾರ್ಬೊಟಾಜ್ ಅನ್ನುತ್ತಾರೆ. ರೋಗಿಯನ್ನು ಮಲಗಿಸಿ, ಭುಜ ಮರಗಟ್ಟಿಸಿ, ಅಲ್ಟ್ರಾಸೌಂಡ್ ಪರದೆಯಲ್ಲಿ ಕ್ಯಾಲ್ಸಿಯಂ ನೋಡುತ್ತಾ ಅದರ ಮಧ್ಯಕ್ಕೆ ಸೂಜಿ ಇಳಿಸುತ್ತಾರೆ. ಸಿರಿಂಜಿನಲ್ಲಿ ಸಲೈನ್ ಇರುತ್ತದೆ. ಪಿಸ್ಟನ್ ಒತ್ತುತ್ತಾರೆ, ಬಿಡುತ್ತಾರೆ. ಮತ್ತೆ ಒತ್ತುತ್ತಾರೆ, ಬಿಡುತ್ತಾರೆ. ಕ್ಯಾಲ್ಸಿಯಂ ಮೆತ್ತಗಿದ್ದರೆ ತಿಳಿಯಾಗಿದ್ದ ನೀರು ಬಿಳಿ ಹೊಗೆಯಂತೆ ಕದಡಿ ವಾಪಸ್ ಬರುತ್ತದೆ, ಸಿರಿಂಜನ್ನು ಮೇಜಿನ ಮೇಲೆ ಇಟ್ಟರೆ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಗಟ್ಟಿಯಾಗಿದ್ದರೆ ಏನೂ ಬರುವುದಿಲ್ಲ, ಚುಚ್ಚಿ ಚುಚ್ಚಿ ಒಡೆಯುತ್ತಾರೆ. ಕೊನೆಗೆ ಬರ್ಸಾಕ್ಕೆ ಸ್ಟೀರಾಯ್ಡ್. ಆ ಬಿಳಿ ಗಸಿಯನ್ನು ಕಣ್ಣಾರೆ ಕಂಡವರಿಗೆ ‘ಕಾಯಿಲೆ ಹೊರಗೆ ಬಂತು’ ಅನ್ನಿಸದೆ ಇರಲು ಸಾಧ್ಯವೇ ಇಲ್ಲ. ನನಗೂ ಹಾಗೇ ಅನ್ನಿಸುತ್ತಿತ್ತು.

ಆದರೆ 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನ ಈ ನಂಬಿಕೆಗೆ ತಣ್ಣೀರು ಎರಚಿತು. ನಾರ್ವೆ ಮತ್ತು ಸ್ವೀಡನ್ನಿನ ಆಸ್ಪತ್ರೆಗಳಲ್ಲಿ, ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ನೋವಿದ್ದ 220 ಮಂದಿಯನ್ನು ಮೂರು ಗುಂಪು ಮಾಡಿದರು. ಮೊದಲನೆಯವರಿಗೆ ತೊಳೆದು ಸ್ಟೀರಾಯ್ಡ್ ಕೊಟ್ಟರು. ಎರಡನೆಯವರಿಗೆ ತೊಳೆಯುವ ನಾಟಕ ಮಾಡಿ ಸ್ಟೀರಾಯ್ಡ್ ಕೊಟ್ಟರು. ಮೂರನೆಯವರಿಗೆ ನಾಟಕ ಮಾತ್ರ, ಸ್ಟೀರಾಯ್ಡೂ ಇಲ್ಲ. ತಮಗೆ ಯಾವುದು ಸಿಕ್ಕಿದೆ ಎಂದು ರೋಗಿಗಳಿಗೆ ಗೊತ್ತಿರಲಿಲ್ಲ. ಮೊದಲ ಆರು ವಾರ ಸ್ಟೀರಾಯ್ಡ್ ಪಡೆದವರು ಸ್ವಲ್ಪ ಮುಂದಿದ್ದರು. ನಾಲ್ಕು ತಿಂಗಳ ಹೊತ್ತಿಗೆ ಮೂರೂ ಗುಂಪು ಒಂದೇ. ಎರಡು ವರ್ಷವಾದರೂ ಒಂದೇ.

ಇದಕ್ಕೆ ಮುಂಚೆ, 2013ರಲ್ಲಿ, ನೆದರ್‌ಲ್ಯಾಂಡ್ಸ್‌ನಲ್ಲಿ 48 ಮಂದಿಯ ಮೇಲೆ ನಡೆದ ಅಧ್ಯಯನದಲ್ಲಿ ತೊಳೆಸಿಕೊಂಡವರು ಒಂದು ವರ್ಷದ ಕೊನೆಗೆ ಬರೀ ಸ್ಟೀರಾಯ್ಡ್ ಇಂಜೆಕ್ಷನ್ ಪಡೆದವರಿಗಿಂತ ಚೆನ್ನಾಗಿದ್ದರು. ಅದೇ ಜನರನ್ನು ಐದು ವರ್ಷದ ನಂತರ ನೋಡಿದಾಗ ವ್ಯತ್ಯಾಸ ಉಳಿದಿರಲಿಲ್ಲ. ಅದಕ್ಕೂ ಹಿಂದೆ, 1999ರಲ್ಲಿ, ವಿಯೆನ್ನಾದ ವೈದ್ಯರು ಫಿಸಿಯೋಥೆರಪಿಯಲ್ಲಿ ಕೊಡುವ ಅಲ್ಟ್ರಾಸೌಂಡ್ ಚಿಕಿತ್ಸೆಯನ್ನು ಒಂದು ಗುಂಪಿಗೆ ನಿಜವಾಗಿ, ಇನ್ನೊಂದಕ್ಕೆ ನಾಟಕವಾಗಿ 24 ಸಿಟ್ಟಿಂಗ್ ಕೊಟ್ಟು ನೋಡಿದ್ದರು. ಒಂಬತ್ತು ತಿಂಗಳಾದಾಗ ಚಿಕಿತ್ಸೆ ಪಡೆದವರಲ್ಲಿ ಹೆಚ್ಚು ಮಂದಿಯ ಕ್ಯಾಲ್ಸಿಯಂ ಮಾಯವಾಗಿತ್ತು. ನೋವಿನಲ್ಲಿ ಮಾತ್ರ ಎರಡೂ ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಎಕ್ಸ್-ರೇ ಒಂದು ಹೇಳುತ್ತದೆ, ಭುಜ ಇನ್ನೊಂದು ಹೇಳುತ್ತದೆ.

ತೊಳೆಯುವುದು ಬರೀ ಮೋಸ ಅಂತ ಇದರಿಂದ ತೀರ್ಮಾನಿಸುವುದೂ ಸರಿಯಲ್ಲ. ನಾರ್ವೆಯ ಅಧ್ಯಯನ ಹಳೆಯ ನೋವಿನವರದ್ದು. ಕ್ಯಾಲ್ಸಿಯಂ ಪೇಸ್ಟಿನಂತಾಗಿ, ಒತ್ತಡ ತಡೆಯಲಾಗದೆ ರೋಗಿ ಅಳುತ್ತಿರುವಾಗ ಸೂಜಿಯಿಂದ ಒತ್ತಡ ಇಳಿಸಿದರೆ ಬೇಗ ಆರಾಮ ಸಿಗುತ್ತದೆ ಎಂದು ಅನೇಕ ವೈದ್ಯರು ತಮ್ಮ ಅನುಭವದಿಂದ ಹೇಳುತ್ತಾರೆ. ನನಗೂ ಆ ಮಾತು ಒಪ್ಪಿಗೆಯೇ. ಒಪ್ಪಲು ಕಷ್ಟವಾಗುವುದು ಗಟ್ಟಿಯಾಗಿ ಸುಮ್ಮನೆ ಕೂತಿರುವ ಕ್ಯಾಲ್ಸಿಯಂ ಅನ್ನು ‘ಇದೆಯಲ್ಲ, ತೆಗೆದುಬಿಡೋಣ’ ಎಂದು ಕೆದಕುವುದನ್ನು.

ಶಾಕ್‌ವೇವ್ ಕತೆ ಇನ್ನೂ ಸಿಕ್ಕು ಸಿಕ್ಕು. ಕಿಡ್ನಿ ಕಲ್ಲನ್ನು ಹೊರಗಿನಿಂದಲೇ ಒಡೆಯಲು 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲು ಬಳಸಿದ ತಂತ್ರ ಆಮೇಲೆ ಭುಜಕ್ಕೂ ಬಂತು. 2003ರಲ್ಲಿ ಜರ್ಮನ್ ವೈದ್ಯರು 144 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ಅದು ಕೆಲಸ ಮಾಡಿತು, ಹೆಚ್ಚು ಶಕ್ತಿಯ ಅಲೆ ಕಡಿಮೆ ಶಕ್ತಿಯದಕ್ಕಿಂತ ಚೆನ್ನಾಗಿ. 2020ರಲ್ಲಿ ಕಾಕ್ರೇನ್ ಸಂಸ್ಥೆ ಅಲ್ಲಿಯವರೆಗಿನ ಪರೀಕ್ಷೆಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದಾಗ, ರೋಗಿಯ ಅನುಭವಕ್ಕೆ ಬರುವಷ್ಟು ದೊಡ್ಡ ಲಾಭ ಹೆಚ್ಚೇನೂ ಕಾಣಲಿಲ್ಲ. ಇನ್ನೊಂದು ತೊಡಕಿದೆ. ಶಾಕ್‌ವೇವ್ ಎಂದರೆ ಎಲ್ಲ ಯಂತ್ರವೂ ಒಂದೇ ಅಲ್ಲ. ಒಳಗಿನ ಒಂದು ಬಿಂದುವಿಗೆ ಗುರಿಯಿಟ್ಟು ಹೊಡೆಯುವ ಫೋಕಸ್ಡ್ ಯಂತ್ರ ಬೇರೆ, ಚರ್ಮದ ಮೇಲಿನಿಂದ ಹರಡುತ್ತಾ ಹೋಗುವ ರೇಡಿಯಲ್ ಯಂತ್ರ ಬೇರೆ. ಮೊದಲನೆಯದು ದುಬಾರಿ. ಹಾಗಾಗಿ ಒಂದು ಯಂತ್ರದ ಫಲಿತಾಂಶ ತೋರಿಸಿ ಇನ್ನೊಂದರ ಸಿಟ್ಟಿಂಗ್ ಮಾರಲು ದಾರಿ ತೆರೆದೇ ಇದೆ. ಮುಂಗಡ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ. ನಿಮ್ಮಲ್ಲಿರೋದು ಯಾವ ಯಂತ್ರ? ನನ್ನ ಕ್ಯಾಲ್ಸಿಯಂ ಯಾವ ಹಂತದಲ್ಲಿದೆ? ಮೂರು ಸಿಟ್ಟಿಂಗ್ ಆದಮೇಲೂ ಕಡಿಮೆಯಾಗದಿದ್ದರೆ ಏನು ಮಾಡ್ತೀರಿ? ಮೂರಕ್ಕೂ ನೇರ ಉತ್ತರ ಕೊಡುವವರ ಹತ್ತಿರ ಮಾಡಿಸಿಕೊಂಡರೆ ತೊಂದರೆಯೇನಿಲ್ಲ. ಚಿಕಿತ್ಸೆ ನೋಯುತ್ತದೆ, ಚರ್ಮ ಕೆಂಪಾಗಬಹುದು, ಅಷ್ಟೆ.

ಕೀಹೋಲ್ ಆಪರೇಷನ್ ಕೊನೆಯ ಮೆಟ್ಟಿಲು. ಆರು ತಿಂಗಳು, ವರ್ಷ ಎಲ್ಲ ಮಾಡಿ ನೋಡಿಯೂ ನಿದ್ದೆಗೆಡಿಸುವ ನೋವು ಉಳಿದವರಿಗೆ ಅದು. ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಕ್ಯಾಲ್ಸಿಯಂ ಕೆರೆದು ತೆಗೆಯುತ್ತಾರೆ. ಟೆಂಡನ್ನಿನಲ್ಲಿ ದೊಡ್ಡ ಗುಳಿ ಉಳಿದರೆ ಹೊಲಿಯುತ್ತಾರೆ. ಹೆಚ್ಚಿನವರಿಗೆ ಗುಣವಾಗುತ್ತದೆ, ಆದರೆ ಬೇಗ ಅಲ್ಲ. ಆಪರೇಷನ್ ನಂತರ ಭುಜ ಬಿಗಿದು ತಿಂಗಳುಗಟ್ಟಲೆ ವ್ಯಾಯಾಮ ಮಾಡಬೇಕಾಗಿ ಬರಬಹುದು.

ಆ ವ್ಯಾಯಾಮ ಆಪರೇಷನ್ ಮಾಡಿಸಿಕೊಳ್ಳದವರಿಗೂ ಬೇಕು. ತೀವ್ರ ನೋವು ಇಳಿದ ಮೇಲೆ ಮೇಜಿಗೆ ಒಂದು ಕೈ ಊರಿ, ಮುಂದಕ್ಕೆ ಬಾಗಿ, ನೋಯುವ ಕೈಯನ್ನು ಸಡಿಲವಾಗಿ ಇಳಿಬಿಟ್ಟು ಸಣ್ಣಗೆ ತೂಗಾಡಿಸುವುದರಿಂದ ಶುರು ಮಾಡಿಸುತ್ತಾರೆ. ಆಮೇಲೆ ಗೋಡೆಯ ಮೇಲೆ ಬೆರಳು ನಡೆಸುವುದು. ಆಮೇಲೆ ರಬ್ಬರ್ ಪಟ್ಟಿ ಎಳೆದು ಭುಜದ ಮತ್ತು ಬೆನ್ನಿನ ಸ್ನಾಯುಗಳಿಗೆ ಬಲ ತುಂಬುವುದು. ಇದರಿಂದ ಕ್ಯಾಲ್ಸಿಯಂ ಕರಗುವುದಿಲ್ಲ. ಕರಗುವವರೆಗೆ ಭುಜ ಕೆಡದಂತೆ ನೋಡಿಕೊಳ್ಳುತ್ತದೆ. ಮಲಗುವಾಗ ನೋವಿಲ್ಲದ ಕಡೆ ತಿರುಗಿ, ನೋಯುವ ಕೈಯ ಕೆಳಗೆ ಒಂದು ದಿಂಬು ಇಟ್ಟುಕೊಂಡರೆ ಎಷ್ಟೋ ವಾಸಿ.

ನೋವು ಹೋದ ಮೇಲೆ ಕ್ಯಾಲ್ಸಿಯಂ ಇನ್ನೂ ಇದೆಯಾ ಎಂದು ನೋಡಲು ಮತ್ತೊಂದು ಎಕ್ಸ್-ರೇ ಬೇಕಾಗಿಲ್ಲ. ಕೈ ತಲೆಯ ಮೇಲೆ ಹೋಗುತ್ತಿದೆ, ರಾತ್ರಿ ನಿದ್ದೆ ಬರುತ್ತಿದೆ ಎಂದಾದರೆ ಆ ದುಡ್ಡು ಉಳಿಸಿ. ಕ್ಯಾಲ್ಸಿಯಂ ಮಾತ್ರೆಯನ್ನು ಮಾತ್ರ ಡಾಕ್ಟರು ಹೇಳಿದಷ್ಟು ದಿನ ತಪ್ಪದೆ ತಗೊಳ್ಳಿ.